ಇದು ಯಾವ ಬಸ್ಸು?



ಬೆಳಿಗ್ಗೆ ಕಾಲೇಜಿಗೆ ಹೊರಟು ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಒಂದು ತುಸು ಹಿಂದೆಯೇ ನಿಂತರೆ ಇನ್ನೊಂದು ಮುಂದೆ ಹೋಗಿ ನಿಲ್ಲುತ್ತದೆ. ನೀವು ದೂರದಿಂದಲೇ ಫಲಕ ಓದಿ, ಓಡಿ ಹತ್ತುತ್ತೀರಿ. ಬಿಳಿ ಕೋಲು ಹಿಡಿದ ನಿಮ್ಮ ಸಹಪಾಠಿ ಏನು ಮಾಡಬೇಕು? "ಇದು ಯಾವ ಬಸ್ಸು?" ಎಂದು ಯಾರನ್ನಾದರೂ ಕೇಳಬೇಕು. ಉತ್ತರ ಸಿಗುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಅವನ ಮೊದಲ ತರಗತಿ ತಪ್ಪುತ್ತದೆ, ಒಮ್ಮೊಮ್ಮೆ ಪರೀಕ್ಷೆಯೂ ತಪ್ಪೀತು.

ಈ ಪ್ರಶ್ನೆಗೆ ತಂತ್ರಜ್ಞಾನ ಉತ್ತರ ಕೊಡಬಲ್ಲದೇ? 2023ರಲ್ಲಿ ಬಂದ 'ನಮ್ಮ ಬಿಎಂಟಿಸಿ' ಆಪ್ ಬಸ್ಸು ಎಲ್ಲಿದೆ ಎಂಬುದನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಪರದೆಯ ಅಕ್ಷರಗಳನ್ನು ಓದಿ ಹೇಳುವ ಸೌಲಭ್ಯವೂ ಫೋನಿನಲ್ಲಿದೆ. ಆದರೆ ಉಪಗ್ರಹದ ನೆರವಿನಿಂದ ಗುರುತಿಸುವ ಸ್ಥಾನದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಸಹಜ. ಮೂರು ಬಸ್ಸುಗಳು ಒಟ್ಟಿಗೆ ಬಂದು ನಿಂತಾಗ ತನ್ನ ಬಸ್ಸಿನ ಬಾಗಿಲು ಎಲ್ಲಿದೆ ಎಂಬುದು ಅದರಿಂದ ತಿಳಿಯದು.

ಈ ಕೊನೆಯ ಕೆಲವು ಹೆಜ್ಜೆಗಳಿಗಾಗಿಯೇ ದೆಹಲಿಯ ಐಐಟಿಯಲ್ಲಿ ಒಂದು ಸಾಧನ ರೂಪುಗೊಂಡಿತು. 2023ರಲ್ಲಿ ಮೈಸೂರಿನ ನಗರ ಸಾರಿಗೆ ಬಸ್ಸುಗಳಲ್ಲಿ 'ಧ್ವನಿ ಸ್ಪಂದನ' ಎಂಬ ಹೆಸರಿನಿಂದ ಅದನ್ನು ಅಳವಡಿಸಲಾಯಿತು. ಅನಂತರ ಬೆಂಗಳೂರಿನಲ್ಲಿಯೂ ಪ್ರಯೋಗ ನಡೆಯಿತು. ಪ್ರಯಾಣಿಕನ ಕೈಯಲ್ಲಿ ಒಂದು ಪುಟ್ಟ ಉಪಕರಣವಿರುತ್ತದೆ. ಗುಂಡಿ ಒತ್ತಿದರೆ ನಿಸ್ತಂತು ಸಂಕೇತದ ಮೂಲಕ ಹತ್ತಿರದ ಬಸ್ಸುಗಳ ಸಂಖ್ಯೆ ಕಿವಿಗೆ ಕೇಳಿಸುತ್ತದೆ. ತನಗೆ ಬೇಕಾದ ಬಸ್ಸನ್ನು ಆರಿಸಿದರೆ ಅದರ ಬಾಗಿಲ ಬಳಿಯ ಧ್ವನಿವರ್ಧಕ ದನಿ ಮಾಡುತ್ತದೆ. ಆ ದನಿಯ ಜಾಡು ಹಿಡಿದು ಹತ್ತಿದರಾಯಿತು.

ವಿದ್ಯುತ್ತೇ ಬೇಡದ ಇನ್ನೊಂದು ತಂತ್ರವೂ ಉಂಟು. 2014ರ ಮಾರ್ಚ್ 1ರಂದು ಸೇವೆ ಆರಂಭಿಸಿದ ಯಶವಂತಪುರ ಮೆಟ್ರೋ ನಿಲ್ದಾಣಕ್ಕೆ ಹೋದರೆ ನೆಲದ ಮೇಲಿನ ಹಳದಿ ಹಾಸುಗಳನ್ನು ಗಮನಿಸಿ. ಉದ್ದುದ್ದ ಗೆರೆಗಳಿದ್ದರೆ 'ಹೀಗೆ ಸಾಗು' ಎಂದರ್ಥ. ಉಬ್ಬು ಚುಕ್ಕೆಗಳಿದ್ದರೆ 'ಎಚ್ಚರ' ಎಂದರ್ಥ. ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ ಇಂಥ ಹಾಸುಗಳನ್ನು 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಬಳಿ ಮೊದಲು ಹಾಕಲಾಯಿತು.

ಪ್ರಯಾಣಿಕರೆಲ್ಲರ ಅಗತ್ಯ ಒಂದೇ ಅಲ್ಲ. ಕಣ್ಣು ಕಾಣದವರಿಗೂ ಓದು ಬಾರದವರಿಗೂ ದನಿ ಬೇಕು. ಕಿವಿ ಕೇಳದವರಿಗೆ ಫಲಕ ಬೇಕು. ಮಂಡಿನೋವಿನ ಅಜ್ಜಿಗೆ ತಗ್ಗಿನ ಮೆಟ್ಟಿಲು ಬೇಕು. ಆದ್ದರಿಂದ ಒಂದೇ ಮಾಹಿತಿ ಕಣ್ಣಿಗೂ ಕಿವಿಗೂ ತಲಪಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯೂ ಸಾರಿಗೆ ಅವರಿಗೆ ಎಟಕುವಂತಿರಬೇಕು ಎನ್ನುತ್ತದೆ. ಇದು ಯಾರೋ ತೋರಿಸುವ ಕರುಣೆಯಲ್ಲ, ಅವರ ಹಕ್ಕು.

ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ. ಏನನ್ನಾದರೂ ರೂಪಿಸುವ ಮೊದಲು ಅದನ್ನು ಬಳಸುವವರನ್ನೇ ಕೇಳಿ. ಬಸ್ಸು ನಿಲ್ಲಬೇಕಾದ ಜಾಗದಲ್ಲಿ ನಿಲ್ಲದಿದ್ದರೆ, ಹಳದಿ ಹಾಸಿನ ಮೇಲೆ ಸ್ಕೂಟರು ನಿಂತಿದ್ದರೆ, ಎಂಥ ಸಾಧನವಿದ್ದೂ ಪ್ರಯೋಜನವಿಲ್ಲ. ಅಲ್ಲಿಯವರೆಗೆ ಸುಲಭವಾದ ಕೆಲಸವೊಂದಿದೆ: ಬಸ್ಸು ಬಂದಾಗ ಅದರ ಸಂಖ್ಯೆಯನ್ನು ಪಕ್ಕದವರಿಗೆ ಕೇಳಿಸುವಂತೆ ಹೇಳಿ.