ನಮ್ಮ ಗುಡ್ಡಗಳ ಮಣ್ಣು

ಮಣ್ಣೆಂದರೆ ಮಣ್ಣು, ಅದರಲ್ಲಿ ಬಗೆಯೇನು ಬಂತು ಎಂದು ಕೇಳುವವರುಂಟು. ಅಮರಕೋಶವನ್ನು ಬಾಯಿಪಾಠ ಮಾಡಿದವರು ಹಾಗೆ ಕೇಳಲಾರರು. ಅದರಲ್ಲಿ ಬರಿಯ ಮಣ್ಣಿಗೆ ಮೃತ್ತಿಕೆ, ಒಳ್ಳೆಯ ಮಣ್ಣಿಗೆ ಮೃತ್ಸಾ, ಎಲ್ಲ ಪೈರಿಗೂ ಒದಗುವ ನೆಲಕ್ಕೆ ಉರ್ವರಾ, ಉಪ್ಪು ಬೆರೆತ ನೆಲಕ್ಕೆ ಊಷರ ಎಂದು ಬೇರೆ ಬೇರೆ ಹೆಸರುಗಳೇ ಇವೆ. ಆದರೆ ಕೋಶಕಾರನ ಕಣ್ಣ ಮುಂದೆ ಇದ್ದುದು ಬಯಲುಸೀಮೆಯ ನೆಲವಿರಬೇಕು. ಪುತ್ತೂರು, ಸುಳ್ಯ ಮತ್ತು ಈಚೆಗೆ ಸ್ವತಂತ್ರ ತಾಲೂಕಾದ ಕಡಬ, ಈ ಮೂರು ಕಡೆಯೂ ಬಯಲೆಂಬುದು ಅಪರೂಪ. ಒಂದು ಗುಡ್ಡದ ಬೆನ್ನನ್ನು ಇಳಿದು ಮುಗಿಸುವಷ್ಟರಲ್ಲಿ ಇನ್ನೊಂದರ ಬುಡ ಕಾಲಿಗೆ ತಾಗುತ್ತದೆ. ಇಲ್ಲಿ ಮಣ್ಣನ್ನು ವಿಂಗಡಿಸಬೇಕಾದರೆ ಇಳಿಜಾರನ್ನು ಹಿಡಿದೇ ವಿಂಗಡಿಸಬೇಕು.

ನಮ್ಮ ಒಕ್ಕಲುಮಕ್ಕಳು ಹಾಗೆಯೇ ವಿಂಗಡಿಸಿದ್ದರು. ಗುಡ್ಡದ ನೆತ್ತಿಯ ಬೋಳು ಹರಹು ಪದವು. ಅಲ್ಲಿಂದ ಓರೆಯಾಗಿ ಇಳಿಯುವುದು ಗುಡ್ಡೆ. ಮಳೆಯನ್ನೇ ನೆಚ್ಚಿ ಒಂದು ಬೆಳೆ ತೆಗೆಯುವ ಎತ್ತರದ ಗದ್ದೆ ಬೆಟ್ಟು. ಎರಡು ಬೆಳೆ ಕೊಡುವುದು ಮಜಲು. ತೋಡಿನ ಬದಿಯಲ್ಲಿ ನೀರುಂಡು ಮಲಗಿದ ತಗ್ಗು ಬೈಲು. ಹೆಸರು ಹೇಳಿದೊಡನೆ ನೀರೆಷ್ಟು, ಬೆಳೆಯೆಷ್ಟು, ತೀರ್ವೆಯೆಷ್ಟು ಎಂಬುದೆಲ್ಲ ತಿಳಿಯುತ್ತಿತ್ತು. ಇಂದು ಬೆಟ್ಟು, ಮಜಲುಗಳಲ್ಲಿ ಭತ್ತ ಹೋಗಿ ಅಡಕೆ ಬಂದಿದೆ. ಹೆಸರುಗಳು ಮನೆತನಗಳಿಗೂ ಬಸ್ಸು ನಿಲ್ಲುವ ತಾಣಗಳಿಗೂ ಅಂಟಿಕೊಂಡು ಉಳಿದಿವೆ.

1930ರ ದಶಕದಲ್ಲಿ ಪೂರ್ವ ಆಫ್ರಿಕದಲ್ಲಿ ಮಣ್ಣಿನ ಪರೀಕ್ಷೆ ನಡೆಸಿದ ಮಿಲ್ನ್ ಎಂಬ ವಿಜ್ಞಾನಿ ಒಂದು ಸಂಗತಿಯನ್ನು ಕಂಡ. ಗುಡ್ಡದ ತಲೆಯಿಂದ ಕಣಿವೆಯ ತಳದವರೆಗೆ ಮಣ್ಣು ಒಂದೇ ಅಲ್ಲ. ಆದರೆ ಬೇರೆ ಬೇರೆಯೂ ಅಲ್ಲ. ಮೇಲಿನದು ತೊಳೆದು ಕೆಳಗಿನದನ್ನು ಸಾಕುತ್ತದೆ. ಇದಕ್ಕೆ ಆತ ‘ಕಟೀನ’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಸರಪಣಿ ಎಂದರ್ಥ. ಪದವು, ಗುಡ್ಡೆ, ಬೆಟ್ಟು, ಮಜಲು, ಬೈಲು ಎಂಬ ಐದು ಮಾತುಗಳು ಅಂಥ ಸರಪಣಿಯ ಐದು ಕೊಂಡಿಗಳಲ್ಲದೆ ಮತ್ತೇನು? ನೀವು ಬಣ್ಣವನ್ನು ನೋಡಿಯೇ ಇದನ್ನು ಅರಿಯಬಹುದು. ನೀರು ಬಸಿದುಹೋಗುವ ಮೇಲ್ಭಾಗದಲ್ಲಿ ಕಬ್ಬಿಣದ ಅಂಶ ಗಾಳಿಯುಂಡು ಕೆಂಪಾಗಿರುತ್ತದೆ. ತೇವ ಹೆಚ್ಚು ನಿಲ್ಲುವ ಇಳಿಜಾರಿನ ಕೆಳಪಾಲಿನಲ್ಲಿ ಹಳದಿಗೆ ತಿರುಗುತ್ತದೆ. ನೀರು ನಿಂತ ಬೈಲಿನಲ್ಲಿ ಗಾಳಿ ಸಿಕ್ಕದೆ ಬೂದುಬಣ್ಣಕ್ಕೆ ಇಳಿಯುತ್ತದೆ. ಕಬ್ಬಿಣ ಒಂದೇ, ಅದರ ಅವಸ್ಥೆ ಮೂರು.

ಈ ಮಣ್ಣು ಎಲ್ಲಿಂದ ಬಂತು? ತಳದಲ್ಲಿರುವುದು ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಬಂಡೆ. ಅದರ ಮೇಲೆ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ, ಅದರಲ್ಲಿ ಹತ್ತಕ್ಕೆ ಎಂಟು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ಮೇಲೆ ಸುಡುವ ಬೇಸಗೆ. ಲಕ್ಷಾಂತರ ವರ್ಷ ಹೀಗೆ ನೆನೆದು ಒಣಗಿದ ಬಂಡೆಯೊಳಗಿನ ಸುಣ್ಣ, ಪೊಟ್ಯಾಷ್ ಮೊದಲಾದುವು ಕರಗಿ ಕುಮಾರಧಾರೆ, ನೇತ್ರಾವತಿ, ಪಯಸ್ವಿನಿಗಳ ಪಾಲಾದುವು. ಸಿಲಿಕದ ಬಹುಭಾಗವೂ ಹೋಯಿತು. ಕರಗದೆ ಉಳಿದವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಇವೇ ಹೆಪ್ಪುಗಟ್ಟಿ ನಾವು ಮನೆ ಕಟ್ಟುವ ಮುರಕಲ್ಲಾದುವು. ಗುಂಡಿಯಲ್ಲಿರುವಾಗ ಕೊಡಲಿಗೆ ಒಗ್ಗುವ ಈ ಕಲ್ಲು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವುದನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಫ್ರಾನ್ಸಿಸ್ ಬುಕಾನನ್, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಮಾತನ್ನು ತೆಗೆದುಕೊಂಡು ‘ಲ್ಯಾಟರೈಟ್’ ಎಂದು ಕರೆದ. ಅವನ ಗ್ರಂಥ ಅಚ್ಚಾದದ್ದು 1807ರಲ್ಲಿ. ಜಂಬಿಟ್ಟಿಗೆ ಎಂಬ ನಮ್ಮ ಮಾತಿನಲ್ಲಿಯೂ ಇಟ್ಟಿಗೆಯೇ ಇರುವುದನ್ನು ಗಮನಿಸಿ.

ಈಗಿನ ಮಣ್ಣುಶಾಸ್ತ್ರಜ್ಞರ ವಿಂಗಡಣೆ ಬೇರೆ. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪದ್ಧತಿಯನ್ನು ನಮ್ಮ ದೇಶದ ಮೋಜಣಿದಾರರೂ ಅನುಸರಿಸುತ್ತಾರೆ. ಜೇಡಿಯ ಕಣಗಳು ಮೇಲಿನಿಂದ ಇಳಿದು ಕೆಳಪದರದಲ್ಲಿ ಶೇಖರವಾಗಿ, ಸುಣ್ಣ ಮುಂತಾದ ಪ್ರತ್ಯಾಮ್ಲಗಳೆಲ್ಲ ತೊಳೆದುಹೋಗಿದ್ದರೆ ಅದು ಅಲ್ಟಿಸಾಲ್. ಪ್ರತ್ಯಾಮ್ಲಗಳು ನೂರಕ್ಕೆ 35ಕ್ಕೆ ಕಡಮೆಯಾಗದೆ ಉಳಿದಿದ್ದರೆ ಆಲ್ಫಿಸಾಲ್. ಪದರಗಳು ಇನ್ನೂ ಸರಿಯಾಗಿ ಮೂಡದ ಎಳೆಯ ಮಣ್ಣು ಇನ್ಸೆಪ್ಟಿಸಾಲ್. ಶಬ್ದಪ್ರಿಯರಿಗೆ ಒಂದು ಮಾತು: ಅಲ್ಟಿಸಾಲ್ ಎಂಬುದರ ಮೂಲಧಾತುವಿಗೆ ‘ಕೊನೆಯದು’ ಎಂದೂ, ಇನ್ಸೆಪ್ಟಿಸಾಲ್ ಎಂಬುದಕ್ಕೆ ‘ಆರಂಭ’ ಎಂದೂ ಅರ್ಥ. ನಮ್ಮ ಒಂದೇ ಗುಡ್ಡದಲ್ಲಿ ಎರಡೂ ಸಿಕ್ಕುತ್ತವೆ. ನಿಧಾನ ಇಳಿಜಾರಿನಲ್ಲಿ ತೊಳೆದು ಮುಪ್ಪಾದ ಮಣ್ಣು. ಕಡಿದಾದ ಓರೆಯಲ್ಲಿ, ಮಳೆ ಆಗಾಗ ಹೆರೆದುಬಿಡುವ ಕಾರಣ, ಎಂದೂ ಪ್ರಾಯಕ್ಕೆ ಬರದ ಮಣ್ಣು.

ಸಾಗುವಳಿಗೆ ಇದರ ಗುಣವೇನು? ಹುಳಿ. ರಂಜಕದ ಗೊಬ್ಬರ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂಗಳು ಅದನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡವು. ಪೊಟ್ಯಾಷ್ ಹಾಕಿದರೆ ಒಂದೇ ಮಳೆಗೆ ಇಳಿದುಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಸುಣ್ಣ ಹಾಕುವುದೂ, ಗೊಬ್ಬರವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡುವುದೂ ಇದಕ್ಕಾಗಿಯೇ. ಸಾರವನ್ನು ಹಿಡಿದಿಡುವ ಶಕ್ತಿ ಇಲ್ಲಿ ಜೇಡಿಗಿಂತ ಹೆಚ್ಚಾಗಿ ಕೊಳೆತ ಎಲೆಗೆ ಇದೆ. ಹಿಂದಿನವರು ವರ್ಗದ ಜಮೀನಿನ ಸುತ್ತ ನೂರು ಗಜ ಕುಮ್ಕಿಯನ್ನು ಸೊಪ್ಪು, ತರಗೆಲೆಗಳಿಗಾಗಿ ಕಾದುಕೊಂಡದ್ದು ಬರಿಯ ಹಕ್ಕಿನ ಆಸೆಯಿಂದಲ್ಲ.

ಇಷ್ಟೂ ಮೇಲ್ಮೈಯ ಮಾತಾಯಿತು. ಗುಡ್ಡದ ಮಣ್ಣಿನ ನಿಜವಾದ ಗುಣ ಕಾಣಬೇಕಾದರೆ ನೀವು ಹೊಸದಾಗಿ ತೋಡಿದ ಬಾವಿಯ ಗೋಡೆಯನ್ನು ನೋಡಬೇಕು. ಮೇಲೆ ಬೇರು ತುಂಬಿದ ಕಂದುಮಣ್ಣು. ಅದರಡಿ ಹರಳು ಬೆರೆತ ಕೆಂಪು. ಅನಂತರ ಮುರ. ಮುರದಡಿಯಲ್ಲಿ ಬಿಳಿ, ನಸುಗೆಂಪು, ಹಳದಿ ಮಿಶ್ರವಾದ ನುಣುಪು ಮಣ್ಣೊಂದಿದೆ, ಅದು ಶೇಡಿ. ಶಾಸ್ತ್ರದಲ್ಲಿ ಇದಕ್ಕೆ ಲಿಥೋಮಾರ್ಜ್ ಎನ್ನುತ್ತಾರೆ. ಹಿಂದೆ ಹೆಂಗಸರು ಗೋಡೆಗೆ ಬಳಿಯಲು, ಹಸೆ ಬರೆಯಲು ಶೇಡಿಯನ್ನು ತರುತ್ತಿದ್ದರು. ಬಂಡೆ ಇರುವುದು ಅದಕ್ಕೂ ಕೆಳಗೆ. ಪಡುವಲ ಪುತ್ತೂರಿನ ಪದವುಗಳಲ್ಲಿ ಮುರದ ಚಿಪ್ಪು ದಪ್ಪ. ಮೂಡಣಕ್ಕೆ, ಘಟ್ಟದ ಬುಡಕ್ಕೆ ಹೋದಂತೆ ಅದು ತೆಳ್ಳಗಾಗುತ್ತದೆ, ಅನೇಕ ಕಡೆ ಇಲ್ಲವೇ ಇಲ್ಲ. 1712 ಮೀಟರು ಎತ್ತರದ ಕುಮಾರಪರ್ವತದ ಕಡೆಯ ಕಾಡಿನಲ್ಲಿ ಕಪ್ಪು ಮಿಶ್ರಿತ ಮೇಲ್ಮಣ್ಣು ಸಾರವುಳ್ಳದ್ದು. ಆದರೆ ಅದರಡಿ ಕಲ್ಲಿನ ರೂಪು ಮಾತ್ರ ಉಳಿದು ಗಟ್ಟಿತನ ಹೋದ ಶಿಥಿಲ ಪದರ.

ಶೇಡಿಯ ಸ್ವಭಾವವನ್ನು ನಾನು ಒತ್ತಿ ಹೇಳಬೇಕಾಗಿದೆ. ಬೇಸಗೆಯಲ್ಲಿ ಅದನ್ನು ನೆಟ್ಟಗೆ ಕಡಿದರೆ ಗೋಡೆಯಂತೆ ನಿಲ್ಲುತ್ತದೆ. ಕಂಡವರು ‘ಎಂಥ ಗಟ್ಟಿ ಬರೆ!’ ಎನ್ನುತ್ತಾರೆ. ನೀರು ಕುಡಿದ ಮೇಲೆ ಆ ಗಟ್ಟಿತನ ಹೋಗಿಬಿಡುತ್ತದೆ. ಅದರ ಬೆನ್ನ ಮೇಲಿರುವ ಮುರ, ಮಣ್ಣು, ಮರಗಳೆಲ್ಲ ಜಾರುಮಣೆಯ ಮೇಲಿಟ್ಟಂತಾಗುತ್ತವೆ. ಹಿಂದೆ ಹಾರೆ ಪಿಕ್ಕಾಸುಗಳಲ್ಲಿ ಗುಡ್ಡ ಕಡಿಯುತ್ತಿದ್ದಾಗ ಮುರ ತಾಗಿದ ಕೂಡಲೇ ಆಳು ನಿಲ್ಲುತ್ತಿದ್ದ. ಮನೆಯ ಅಂಗಳ ಅಲ್ಲಿಗೆ ಮುಗಿಯುತ್ತಿತ್ತು. ಜೇಸಿಬಿಗೆ ಆ ಸಂಕೋಚವಿಲ್ಲ. ಮಾರ್ಚಿಯಲ್ಲಿ ಇಪ್ಪತ್ತಡಿ ಕಡಿದು ಸೈಟು ಮಾಡಿ, ಏಪ್ರಿಲಿನಲ್ಲಿ ಅಡಿಪಾಯ ಹಾಕಿ, ಜುಲೈಯಲ್ಲಿ ಬರೆಯಡಿಯಲ್ಲಿ ಮಲಗುವವರನ್ನು ಈಗ ಊರೂರಲ್ಲಿ ಕಾಣುತ್ತೇವೆ.

2018ರ ಆಗಸ್ಟಿನ ಮಳೆಗೆ ಸಂಪಾಜೆಯಾಚೆ ಜೋಡುಪಾಲದ ಗುಡ್ಡಗಳು ಹರಿದು ಬಂದುವು. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಮುಚ್ಚಿತು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಏರುವ ರೈಲು ನಿಂತಿತು. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದು ಇಬ್ಬರು ಎಳೆಯ ಮಕ್ಕಳು ತೀರಿಕೊಂಡರು. ಎಲ್ಲದಕ್ಕೂ ಕಡಿತವೊಂದೇ ಕಾರಣವೆಂದು ಯಾರೂ ಹೇಳಲಾರರು. ಅಂಥ ಮಳೆಗೆ ಮನುಷ್ಯನು ಮುಟ್ಟದ ಗುಡ್ಡವೂ ಜರಿಯುವುದುಂಟು. ಆದರೆ ಜರಿಯಲು ಸಿದ್ಧವಾಗಿರುವ ಮಣ್ಣಿನ ಕಾಲನ್ನು ನಾವೇ ಕಡಿಯುವುದು ಬೇರೆ ಮಾತು.

ಮಳೆ ನೀರನ್ನು ಇಂಗಿಸಬೇಕೆಂಬ ಉಪದೇಶವನ್ನೂ ಇಲ್ಲಿ ಸ್ವಲ್ಪ ಅಳೆದು ತೆಗೆದುಕೊಳ್ಳಬೇಕು. ದಪ್ಪ ಮುರವಿರುವ ಪದವಿನಲ್ಲಿ ಇಂಗುಗುಂಡಿ ಒಳ್ಳೆಯದೇ. ಪುತ್ತೂರಿನ ಪಡುದಿಕ್ಕಿನಲ್ಲಿಯೂ ಕಾಸರಗೋಡಿನಲ್ಲಿಯೂ ಜನ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ಕೊರೆದು ಕುಡಿಯುವ ನೀರು ತರುವುದು ಈ ಮುರದ ಬಲದಿಂದಲೇ. ಚಾವಣಿಗೆ ಕಂಬ ತೊಲೆ ಕೊಡದೆ ತಲೆಮಾರುಗಳ ಕಾಲ ಅವು ನಿಂತಿವೆ. ಅದೇ ಗುಂಡಿಗಳನ್ನು ಘಟ್ಟದ ಬುಡದ ಕಡಿದಾದ ಓರೆಯಲ್ಲಿ, ಮನೆಯ ಹಿಂಭಾಗದಲ್ಲಿ ತೋಡುವುದು ಶೇಡಿಗೆ ನೀರು ಕುಡಿಸಿದಂತೆ. ಅಲ್ಲಿ ಬೇಕಾದದ್ದು ಬರೆಯ ಮೇಲಂಚಿನಲ್ಲಿ ಒಂದು ಅಡ್ಡ ಕಣಿ, ನೀರನ್ನು ಪಕ್ಕದ ತೋಡಿಗೆ ಸಾಗಿಸಲು.

2015ರಿಂದ ಸರಕಾರ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ನಿಮ್ಮಲ್ಲಿ ಹಲವರ ಮನೆಯಲ್ಲಿರಬಹುದು. ಗೊಬ್ಬರದ ಲೆಕ್ಕಕ್ಕೆ ಅದು ಉಪಯುಕ್ತ. ಆದರೆ ಅದಕ್ಕೆ ಮಾದರಿ ತೆಗೆಯುವುದು ಸಾಮಾನ್ಯವಾಗಿ ಮೇಲಿನ ಅರ್ಧ ಅಡಿಯಿಂದ. ಮನೆ ಕಟ್ಟುವವರಿಗೆ, ರಸ್ತೆ ಕಡಿಯುವವರಿಗೆ, ರಬ್ಬರಿಗೆ ಮೆಟ್ಟಲು ತೆಗೆಯುವವರಿಗೆ ಬೇಕಾದ ಸುದ್ದಿ ಹದಿನೈದು ಅಡಿ ಕೆಳಗಿದೆ. ಸೈಟು ಕಡಿಯುವ ಮೊದಲು ನೆರೆಮನೆಯ ಬಾವಿಯನ್ನು ಇಣುಕಿ ನೋಡಿ. ಮುರ ಎಷ್ಟು ಅಡಿಗೆ ಮುಗಿಯಿತು, ಬಿಳಿಮಣ್ಣು ಎಲ್ಲಿ ತೊಡಗಿತು ಎಂದು ಬಾವಿ ತೋಡಿದವರನ್ನು ಕೇಳಿ. ಇದಕ್ಕೆ ಖರ್ಚಿಲ್ಲ.

ಕಡಿದಾಗಿಹೋದ ಬರೆಗೆ ಏನು ಮಾಡಬೇಕೆಂದು ಕೇಳುವಿರಾದರೆ, ನೆಟ್ಟಗಿರುವುದನ್ನು ಓರೆ ಮಾಡಿ, ಮೊದಲ ಮಳೆ ಬಿದ್ದೊಡನೆ ಲಾವಂಚದ ಬುಡಗಳನ್ನು ಅಡ್ಡಸಾಲುಗಳಲ್ಲಿ ಅರ್ಧ ಗೇಣಿಗೊಂದರಂತೆ ನೆಡಿ. ಅದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಹತ್ತಡಿಯವರೆಗೂ ಇಳಿಯಬಲ್ಲುದು. ಬರೆಯ ಮೇಲೆ ಹೊಸ ಬಿರುಕು ಕಂಡರೆ, ಮರ ವಾಲಿದರೆ, ಬುಡದಿಂದ ಒಸರುವ ನೀರು ಇದ್ದಕ್ಕಿದ್ದಂತೆ ಕೆಂಪಾಗಿಯೋ ಬಿಳಿಚಾಗಿಯೋ ಬರತೊಡಗಿದರೆ, ಲಾವಂಚವನ್ನೂ ನಂಬಬೇಡಿ. ಆ ರಾತ್ರಿ ಬೇರೆ ಮನೆಯಲ್ಲಿ ಮಲಗಿ.