ಟಿ.ಎ.ಎಸ್. ಮಣಿ ಮತ್ತು ಅವರ ಲಯವಾದ್ಯ ಶಾಲೆ



ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿ ಸಂಗೀತ ಕೇಳಿದವರಿಗೆ ಒಂದು ದೃಶ್ಯ ಪರಿಚಿತ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಶ್ರೀರಾಮ ಸೇವಾ ಮಂಡಳಿಯನ್ನು ಕಟ್ಟಿದಂದಿನಿಂದ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಅಲ್ಲಿ ಹಾಡಿದ್ದಾರೆ, ನುಡಿಸಿದ್ದಾರೆ. ಪ್ರಧಾನ ಕೃತಿ ಮುಗಿಯುತ್ತದೆ, ಗಾಯಕರು ಮೃದಂಗದವರ ಕಡೆ ಕೈ ತೋರಿಸುತ್ತಾರೆ, ತನಿ ಆವರ್ತನ ಶುರುವಾಗುತ್ತದೆ. ಸಭೆಯಲ್ಲಿ ಕಾಲು ಭಾಗದಷ್ಟು ಜನ ಎದ್ದು ಕಾಫಿಗೆ ಹೊರಡುವುದೂ ಆಗಲೇ. ಕ್ಯಾಮರಾಗಳ ವಿಷಯವೂ ಹಾಗೆಯೇ ಅನ್ನಿ. ಎರಡೂವರೆ ಗಂಟೆ ಗಾಯಕರ ಮುಖದ ಮೇಲಿದ್ದು, ಹತ್ತು ನಿಮಿಷದ ಮಟ್ಟಿಗೆ ಮೃದಂಗದವರ ಬೆರಳುಗಳಿಗೆ ಬಂದು, ಮತ್ತೆ ಹಿಂದಿರುಗುತ್ತವೆ.

ಆ ಹತ್ತು ನಿಮಿಷವೇ ಪೂರ್ಣ ಕಛೇರಿಯಾಗಬಾರದೇಕೆ ಎಂದು ಕೇಳಿ, ಅದಕ್ಕಾಗಿ ಒಂದು ಶಾಲೆಯನ್ನೇ ತೆರೆದವರು ಬೆಂಗಳೂರಿನ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ. ಅವರು 2020ರಲ್ಲಿ ನಮ್ಮನ್ನು ಅಗಲಿದರು. ಅವರ ಕೆಲಸದ ಸ್ವರೂಪವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1964ರಲ್ಲಿ ಅವರು ಬೆಂಗಳೂರಿನಲ್ಲಿ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಸಂಸ್ಥೆಯನ್ನು ಸ್ಥಾಪಿಸಿದರು. ಲಯವಾದ್ಯಗಳಿಗೇ ಮೀಸಲಾದ ಶಾಲೆ. ಮೃದಂಗವನ್ನು ಗುರುಗಳ ಮನೆಯ ಜಗುಲಿಯಲ್ಲಿ, ಅವರಿಗೆ ಬಿಡುವಾದಾಗ ಕಲಿಯುವ ಕ್ರಮವೇ ರೂಢಿಯಲ್ಲಿದ್ದ ದಿನಗಳು ಅವು. ಆ ಕ್ರಮಕ್ಕೆ ಅದರದೇ ಘನತೆಯಿದೆ, ಅಲ್ಲಗಳೆಯಲಾರೆ. ಆದರೆ ಅಲ್ಲಿಗೆ ಯಾರು ಬರಬಹುದು ಎಂಬುದು ಅನೇಕ ವೇಳೆ ಮೊದಲೇ ನಿರ್ಧಾರವಾಗಿರುತ್ತಿತ್ತು. ಶಾಲೆಯ ಬಾಗಿಲು ಬೇರೆ ರೀತಿ. ರಾಕ್ ವಾದ್ಯವೃಂದದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಮದರಾಸಿನ ತರುಣ ರಮೇಶ್ ಶೋತಂ ಈ ಶಾಲೆಗೆ ಬಂದು ತವಿಲ್ ಕಲಿತರು. ಮುಂದೆ ಜರ್ಮನಿಯಲ್ಲಿ ನೆಲೆಸಿ ಯೂರೋಪಿನ ಜಾಝ್ ವಲಯದಲ್ಲಿ ಹೆಸರು ಮಾಡಿದರು. ನಾಗಸ್ವರದ ಜೊತೆಯ ತವಿಲ್‌ಗೂ ರಾಕ್ ಡ್ರಮ್ಸ್‌ಗೂ ಒಂದೇ ಸೂರಿನಡಿ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ.

ಶಾಲೆಯ ಜೊತೆಗೆ 'ತಾಳ ತರಂಗಿಣಿ' ಎಂಬ ವಾದ್ಯವೃಂದವೂ ಬೆಳೆಯಿತು. ನಮ್ಮ ಕಛೇರಿ ಪದ್ಧತಿಯಲ್ಲಿ ಮೃದಂಗ ಪಕ್ಕವಾದ್ಯ. ಘಟ, ಖಂಜಿರ, ಮೋರ್ಸಿಂಗ್‌ಗಳು ಉಪಪಕ್ಕವಾದ್ಯಗಳು. ಪಕ್ಕಕ್ಕೂ ಉಪಪಕ್ಕ! ಈ ಮೆಟ್ಟಿಲುಗಳನ್ನು ತೆಗೆದು, ಲಯವನ್ನೇ ಕಛೇರಿಯ ವಸ್ತುವನ್ನಾಗಿ ಮಾಡಿದ್ದು ತಾಳ ತರಂಗಿಣಿಯ ವಿಶೇಷ.

ಬರೀ ತಾಳವಾದ್ಯಗಳಿಂದ ರಂಜನೆ ಸಾಧ್ಯವೇ ಎಂಬ ಸಂದೇಹ ಸಹಜ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದಕ್ಕೆ ಉತ್ತರ ಸಿ.ವಿ. ರಾಮನ್ ಅವರಲ್ಲಿ ದೊರೆಯಿತು. ಮುಂದೆ ಮಲ್ಲೇಶ್ವರದ 'ಪಂಚವಟಿ'ಯಲ್ಲಿ ನೆಲೆಸಿದ ರಾಮನ್, 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಮೇಲೆ ಪ್ರಬಂಧ ಬರೆದರು. ಸಾಮಾನ್ಯ ಡೋಲಿನ ಚರ್ಮವನ್ನು ತಟ್ಟಿದರೆ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಸದ್ದಾಗುತ್ತದೆ, ನಾದವಾಗುವುದಿಲ್ಲ. ಮೃದಂಗದ ಬಲಮುಖದ ನಡುವೆ ಕಪ್ಪಗೆ ಕಾಣುವ ಕರಣೆ ಚರ್ಮದ ಆ ಭಾಗದ ತೂಕ ಹೆಚ್ಚಿಸಿ, ಉಪಸ್ವರಗಳನ್ನು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಸಂಖ್ಯೆಗಳ ಅನುಪಾತಕ್ಕೆ ತರುತ್ತದೆ. ತಂತಿವಾದ್ಯದಲ್ಲಿ ತಾನಾಗಿ ಇರುವ ಗುಣವನ್ನು ನಮ್ಮ ಹಿಂದಿನ ಕುಶಲಕರ್ಮಿಗಳು ಅನ್ನದ ಗಂಜಿ ಮತ್ತು ಕಲ್ಲಿನ ಪುಡಿಯಿಂದ ಚರ್ಮದ ಮೇಲೆ ಪಡೆದಿದ್ದರು. ಮೃದಂಗಕ್ಕೆ ಶ್ರುತಿಯಿದೆ, ಆದ್ದರಿಂದ ಅದು ಒಂಟಿಯಾಗಿ ನಿಲ್ಲಬಲ್ಲದು, ಪರದೇಶದ ವಾದ್ಯದ ಜೊತೆಗೂ ಕೂರಬಲ್ಲದು.

ಶ್ರುತಿಯ ಜೊತೆಗೆ ಅದಕ್ಕೊಂದು ಭಾಷೆಯೂ ಇದೆ. ತಕಿಟ ಎಂದರೆ ಮೂರು, ತಕಧಿಮಿ ಎಂದರೆ ನಾಲ್ಕು, ತಧಿಗಿಣತೊಂ ಎಂದರೆ ಐದು. ಬಾಯಲ್ಲಿ ಹೇಳಿದ್ದು ಕೈಯಲ್ಲಿ ಬರಬೇಕು. ಬಾಯಲ್ಲಿ ಹೇಳುವುದೇ ಕೊನ್ನಕೋಲು. ಒಂದು ಸಣ್ಣ ಲೆಕ್ಕ ನೋಡಿ. ಆದಿತಾಳದ ಎಂಟು ಎಣಿಕೆ, ಒಂದೊಂದರಲ್ಲಿ ನಾಲ್ಕು ಅಕ್ಷರ, ಒಟ್ಟು 32. 'ತಧಿಗಿಣತೊಂ' ಅನ್ನು ಮೂರು ಬಾರಿ ಹೇಳಬೇಕು, ನಡುವೆ ಎರಡೆರಡು ಅಕ್ಷರ ಬಿಡಬೇಕು ಎಂದುಕೊಳ್ಳಿ. ಐದು ಮೂರಲ ಹದಿನೈದು, ಬಿಟ್ಟಿದ್ದು ನಾಲ್ಕು, ಒಟ್ಟು ಹತ್ತೊಂಬತ್ತು. ಸರಿಯಾಗಿ ಸಮಕ್ಕೆ ಬಂದು ಇಳಿಯಬೇಕಾದರೆ 13 ಅಕ್ಷರ ಕಳೆದ ಮೇಲೆ ಆರಂಭಿಸಬೇಕು. ಅಂದರೆ ಮೂರು ಎಣಿಕೆ ಮುಗಿದು, ನಾಲ್ಕನೆಯದರ ಕಾಲು ಭಾಗ ಸರಿದ ಮೇಲೆ. ಕೂತು ಲೆಕ್ಕ ಹಾಕುವುದು ಸುಲಭ. ತಾಳ ಓಡುತ್ತಿರುವಾಗ ಆ ಜಾಗವನ್ನು ಮೈಯಲ್ಲೇ ಅರಿತು ಎತ್ತಿಕೊಳ್ಳುವುದಕ್ಕೆ ವರ್ಷಗಳು ಬೇಕು.

ಈ ಭಾಷೆಯಲ್ಲಿ ಬೇರೆ ಸಂಗೀತದವರೊಡನೆ ಮಾತಾಡಬಹುದು ಎಂಬುದನ್ನು ಮಣಿ ಮಾಡಿ ತೋರಿಸಿದರು. 1970ರ ದಶಕದ ಕೊನೆಗೆ ಮ್ಯೂನಿಕ್‌ನ 'ಎಂಬ್ರಿಯೊ' ತಂಡದವರು ಬಸ್ಸಿನಲ್ಲಿ ಅಫ್ಘಾನಿಸ್ತಾನದ ಮಾರ್ಗವಾಗಿ ಭಾರತಕ್ಕೆ ಬಂದವರು ಈ ಶಾಲೆಯೊಂದಿಗೆ ಸೇರಿ ನುಡಿಸಿದರು. ಆ ತಂಡದಿಂದ ಹೊರಬಂದವರು ಕಟ್ಟಿದ 'ಡಿಸಿಡೆಂಟನ್' 1982ರಲ್ಲಿ 'ಜರ್ಮನಿಸ್ತಾನ್' ಎಂಬ ಧ್ವನಿಮುದ್ರಿಕೆಯನ್ನು ಶಾಲೆಯ ಜೊತೆಗೂಡಿ ತಂದಿತು. ಎಲ್ಲಕ್ಕಿಂತ ಗಾಢವಾದದ್ದು ಚಾರ್ಲಿ ಮರಿಯಾನೊ ಅವರ ಸಖ್ಯ. 1923ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿ, ಚಾರ್ಲ್ಸ್ ಮಿಂಗಸ್‌ನಂಥವರ ಜೊತೆ ನುಡಿಸಿ ಹೆಸರಾದ ಸ್ಯಾಕ್ಸೊಫೋನ್ ವಾದಕ ಅವರು. ನಾಗಸ್ವರಕ್ಕೆ ಮನಸೋತು ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತಿದ್ದರು. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಮಣಿ ಮತ್ತು ಸಂಗಡಿಗರು ಮರಿಯಾನೊ ಜೊತೆ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿದರು. ಜಾಝ್ ಪ್ರಿಯರು ಬಲ್ಲ ಇಸಿಎಂ ಸಂಸ್ಥೆ ಅದನ್ನು ಪ್ರಕಟಿಸಿತು. ಮಣಿ ಮೃದಂಗಕ್ಕೆ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್‌ಗೆ, ಟಿ.ಎನ್. ಶಶಿಕುಮಾರ್ ಖಂಜಿರಕ್ಕೆ. ಹಾಡಿದವರು ಮಣಿಯವರ ಪತ್ನಿ ಆರ್.ಎ. ರಮಾಮಣಿ. ಮಣಿಯವರ ವಿಷಯ ಹೇಳುವಾಗ ರಮಾಮಣಿಯವರನ್ನು 'ಜೊತೆಗೆ ಹಾಡಿದವರು' ಎಂದು ಮುಗಿಸಿಬಿಡುವುದು ಅನ್ಯಾಯ. ರಾಗವೂ ಲಯವೂ ಸಮನಾಗಿ ಕೈಸೇರಿದ ಕಂಠ ಅವರದು. ತಂಡಕ್ಕೆ ಕೃತಿಗಳನ್ನೂ ಅವರು ರಚಿಸಿಕೊಟ್ಟರು. ಸ್ಯಾಕ್ಸೊಫೋನಿಗೂ ಮೃದಂಗಕ್ಕೂ ನಡುವಿನ ಸೇತುವೆ ಆ ಕಂಠವೇ.

'ಫ್ಯೂಷನ್' ಎಂದರೆ ನಮ್ಮ ಬಸವನಗುಡಿ, ಮಲ್ಲೇಶ್ವರದ ಹಿರಿಯ ರಸಿಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲ ಎನ್ನಲಾರೆ. ಆ ಹೆಸರಿನಲ್ಲಿ ನಡೆಯುವ ಎಷ್ಟೋ ಕಾರ್ಯಕ್ರಮಗಳಲ್ಲಿ ಇಬ್ಬರು ಒಂದೇ ಹೊತ್ತಿಗೆ ನುಡಿಸುತ್ತಾರೆಯೇ ಹೊರತು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಆದರೆ ಮಣಿಯವರ ಮಾರ್ಗದಲ್ಲಿ ಸುಲಭವಾದ ರಿಯಾಯಿತಿ ಇರಲಿಲ್ಲ. ಸ್ಯಾಕ್ಸೊಫೋನಿನವರು ಯಾವ ಖಂಡದವರೇ ಆಗಲಿ, ಮುಕ್ತಾಯ ಸಮಕ್ಕೆ ಬರಬೇಕು. ಬಂದರೆ ಎಲ್ಲರಿಗೂ ತಿಳಿಯುತ್ತದೆ; ತಪ್ಪಿದರೂ ತಿಳಿಯುತ್ತದೆ.

ಹೊರದೇಶದ ಜಾಝ್ ಉತ್ಸವಗಳ ಶ್ರೋತೃಗಳಿಗೆ ಈ ಶಾಲೆಯ ಹೆಸರು ಪರಿಚಿತವಾದಷ್ಟು ಅದರ ಊರಿನವರಿಗೆ ಆಗಲಿಲ್ಲ ಎಂಬುದು ನನ್ನ ಅನಿಸಿಕೆ. ನಮ್ಮ ಸಭೆಗಳ ಲೆಕ್ಕದಲ್ಲಿ ಮೃದಂಗದವರ ಯೋಗ್ಯತೆ ಅವರು ಯಾವ ಗಾಯಕರಿಗೆ ನುಡಿಸಿದರು ಎಂಬುದರಿಂದ ಅಳೆಯಲ್ಪಡುತ್ತದೆ. ಯಾರಿಗೂ ಪಕ್ಕವಾಗದೆ ಕಳೆದ ಹೊತ್ತಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಮರಿಯಾನೊ 2009ರಲ್ಲಿ ತೀರಿಕೊಂಡರು. ಮಣಿಯವರ ಮಗ ಕಾರ್ತಿಕ್ ಮಣಿ ಲಯವಾದ್ಯವನ್ನೇ ಹಿಡಿದರು. 'ಜ್ಯೋತಿ'ಯಲ್ಲಿ 'ಕಾರ್ತಿಕ್' ಎಂಬ ಹೆಸರಿನ ರಚನೆಯೂ ಒಂದುಂಟು. ಆ ಮುದ್ರಿಕೆ ದೊರೆತರೆ ಕೇಳಿ, ಬೆರಳಲ್ಲಿ ತಾಳ ಹಾಕಿಕೊಂಡು ಕೇಳಿ. ಅದು ಆರಂಭವಾಗುವುದು ಮೃದಂಗದಿಂದಲ್ಲ, ರಮಾಮಣಿಯವರ ಒಂಟಿ ಕಂಠದಿಂದ.