ಪಣಂಬೂರಿನ ಹೂಳು, ಮಾನ್ವಿಯ ಕಾಲುವೆ

ಕಡಲೇ ಇಲ್ಲದ ರಾಯಚೂರಿನ ಹುಡುಗ ಇವತ್ತು ಬಂದರಿನ ಬಗ್ಗೆ ಮಾತಾಡ್ತೀನಿ, ನಗಬ್ಯಾಡ್ರಿ. ದೇವದುರ್ಗದ ನಮ್ಮ ಮಾವನ ಮಗ ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡ್ತಾನ. ಅವನ್ನ ನೋಡಾಕ ಹೋದಾಗ ಒಂದು ಭಾನುವಾರ ಹಳೇ ಬಂದರಿಗೆ ಕರ್ಕೊಂಡು ಹೋದ.

ನನಗೆ ದೊಡ್ಡ ಹಡಗು ನೋಡೋ ಆಸೆ. ಅಲ್ಲಿದ್ದಿದ್ದು ಮೀನಿನ ಬೋಟು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಸಣ್ಣ ಹಡಗು. ಕಾರಣ ಮರಳು. ನೇತ್ರಾವತಿ, ಗುರುಪುರ ಎರಡೂ ನದಿ ಘಟ್ಟದ ಮಣ್ಣು ಹೊತ್ತು ತಂದು ಅಳಿವೆ ಬಾಗಿಲಲ್ಲೇ ಸುರೀತಾವ. ಹಿಂದೆ ದೊಡ್ಡ ಹಡಗು ದೂರ ಕಡಲಲ್ಲೇ ಲಂಗರು ಹಾಕಿ ನಿಲ್ತಿದ್ವು, ಸರಕು ದೋಣಿಯಲ್ಲಿ ಹೋಗಿ ಬರ್ತಿತ್ತು.

ಅದಕ್ಕೇ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆದ್ರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಗೊಬ್ಬರದ ಕಾರ್ಖಾನೆ, ಕುದುರೆಮುಖದ ಅದಿರು, ತೈಲ ಶುದ್ಧೀಕರಣ ಘಟಕ ಬಂದವು. ಊರೂ ಆ ಕಡೆ ಬೆಳೀತು. ಮನೆ, ಗದ್ದೆ ಬಿಟ್ಟುಕೊಟ್ಟವರ ಮಾತು ಮಾತ್ರ ಈ ಕಥೆಯಲ್ಲಿ ಕೇಳೋದು ಕಡಿಮೆ. ಹಂಗಂತ ಹೂಳು ಬರೋದು ನಿಂತಿಲ್ಲ. ವರ್ಷಾವರ್ಷ ಡ್ರೆಜ್ಜಿಂಗ್ ಮಾಡಿಸ್ತಾರ.

ಈಗ ನಮ್ಮ ಕಡೆ ಬರ್ರಿ. ರಾಯಚೂರು ಕೃಷ್ಣೆ, ತುಂಗಭದ್ರೆ ನಡುವಿನ ಊರು. ನದಿ ಮೇಲೆ ಹಡಗು ಓಡಲ್ಲ, ಆದ್ರ 1871ರಲ್ಲಿ ಬೊಂಬಾಯಿ ರೈಲು, ಮದ್ರಾಸ್ ರೈಲು ಇಲ್ಲೇ ಕೂಡಿದವು. ಎರಡು ಕಡಲಿಗೂ ನಮ್ಮಿಂದ ದಾರಿ ಆತು. ನನ್ನ ಲೆಕ್ಕದಾಗ ಅದೇ ನಮ್ಮ ಬಂದರು. ಆಮೇಲೆ ತುಂಗಭದ್ರಾ ಡ್ಯಾಂ, ಎಡದಂಡೆ ಕಾಲುವೆ, ಭತ್ತ, ರೈಸ್ ಮಿಲ್ಲು.

ಆ ಬಂದರಿಗೆ ಸರಕು ತರೋದು ನೀರು. ನೀರಿನ ಜಾಗದಾಗ ಹೂಳು ಕುಂತದ. 1953ರ ಹೊತ್ತಿಗೆ 133 ಟಿಎಂಸಿ ಹಿಡೀತಿದ್ದ ಡ್ಯಾಂ ಈಗ ಹಿಡಿಯೋದು ಸುಮಾರು 105. ಬಿ.ಕಾಂ. ಓದಿದವರಿಗೆ ಡಿಪ್ರಿಸಿಯೇಷನ್ ಅಂದ್ರ ಗೊತ್ತು, ಹಂಗೇ ಇದು. ಅಷ್ಟು ಹೂಳು ತೆಗೆದು ಎಲ್ಲಿ ಸುರೀಬೇಕು ಅನ್ನೋ ಪ್ರಶ್ನೆ ಸುಳ್ಳಲ್ಲ, ಒಪ್ತೀನಿ. ನವಲಿ ಹತ್ರ ಸಮಾನಾಂತರ ಜಲಾಶಯ ಅನ್ನೋ ಮಾತು ಎಷ್ಟೋ ವರ್ಷದಿಂದ ಕೇಳ್ತಿದ್ದೀವಿ. ಬಂದರಲ್ಲಿ ಹೂಳು ತುಂಬಿದ್ರ ಹಡಗು ನಿಲ್ತದ, ಲಾಸ್ ಎಷ್ಟು ಅಂತ ಅವತ್ತೇ ಗೊತ್ತಾಗ್ತದ. ಇಲ್ಲಿ ಒಣಗೋದು ಕಾಲುವೆಯ ಕೊನೆ ಭಾಗದ ಗದ್ದೆ. ಅದು ಯಾರ ಬ್ಯಾಲೆನ್ಸ್ ಶೀಟಿನಾಗೂ ಬರಲ್ಲ.

ಮಾನ್ವಿ ತಾಲ್ಲೂಕಿನ ನಮ್ಮ ಕಾಕಾ ಆ ಕೊನೆ ಭಾಗದವರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟು ಕೊಚ್ಚಿಹೋದಾಗ ಫೋನ್ ಮಾಡಿದೆ. "ಏನ್ಮಾಡ್ತೀರಿ ಕಾಕಾ?" ಅಂದೆ. "ನೀರು ಬಂದ್ರ ಭತ್ತ, ಇಲ್ಲಂದ್ರ ಮಂಗಳೂರು" ಅಂದ್ರು.

ವಾರದೊಳಗ ತಾತ್ಕಾಲಿಕ ಗೇಟು ಕೂರಿಸಿದ್ರು. ಆ ವರ್ಷ ಭತ್ತ ಬಂತು. ಕಾಕಾನ ಸಣ್ಣ ಮಗ ಮಾತ್ರ ಸೆಂಟ್ರಿಂಗ್ ಮೇಸ್ತ್ರಿಯ ನಂಬರ್ ಇಸ್ಕೊಂಡಾನ.